ಸತ್ತ ಸೈನಿಕನ ಹೆಸರು ಯಾರ ಲೆಕ್ಕದಲ್ಲಿ?

ಗಂಗಾವತಿ, ಕುಷ್ಟಗಿ, ಲಿಂಗಸುಗೂರು, ಸಿರುಗುಪ್ಪ ಕಡೆಯ ಯಾವುದಾದರೂ ಹಳೇ ಊರಿಗೆ ಹೋದರೆ ಅಗಸಿ ಬಾಗಿಲ ಹತ್ತಿರವೋ, ಹನುಮಪ್ಪನ ಗುಡಿ ಪಕ್ಕದಲ್ಲೋ ಸ್ವಲ್ಪ ಕಣ್ಣಾಡಿಸಿ. ಗೋಡೆಗೆ ಒರಗಿಸಿಟ್ಟ, ಎಣ್ಣೆ-ಕುಂಕುಮ ಮೆತ್ತಿದ ಕಲ್ಲೊಂದು ಕಾಣಬಹುದು. ಅದರ ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದು ಕಾದಾಡುವ ಒಬ್ಬ ಆಳು. ನಡುವಿನ ಪಟ್ಟಿಯಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ಆಳು, ತುದಿಯಲ್ಲಿ ಸೂರ್ಯ ಮತ್ತು ಚಂದ್ರ. ಇದೇ ವೀರಗಲ್ಲು. ಸೂರ್ಯ ಚಂದ್ರ ಇರುವ ತನಕ ಇವನ ಹೆಸರೂ ಇರಲಿ ಅಂತ ಕೆತ್ತಿಸಿದ್ದು.

ಹೆಸರು ಉಳಿದಿದೆಯಾ? ಬಹಳ ಕಡೆ ಇಲ್ಲ. ಅಕ್ಷರ ಸವೆದಿರುತ್ತದೆ, ಅಥವಾ ಮೊದಲಿನಿಂದಲೂ ಅಕ್ಷರವೇ ಇರುವುದಿಲ್ಲ. ಕೆಲವು ಕಲ್ಲುಗಳು ದೇವರಾಗಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಇನ್ನು ಕೆಲವನ್ನು ನಿಧಿ ಆಸೆಗೆ ಯಾರೋ ರಾತ್ರಿ ಕಿತ್ತು ಉರುಳಿಸಿ ಹೋಗಿರುತ್ತಾರೆ. ಹಂಪಿ ಹತ್ತಿರದ ಕಮಲಾಪುರದ ಮ್ಯೂಸಿಯಂ ಸೇರಿದ ಕಲ್ಲುಗಳು ಪುಣ್ಯ ಮಾಡಿದ್ದವು ಅನ್ನಬೇಕು.

ಹಾಗಾದರೆ ಅಷ್ಟು ಕಷ್ಟಪಟ್ಟು ಕೆತ್ತಿದ ನೆನಪು ಯಾಕೆ ಅಳಿಯಿತು? ಇವತ್ತು ದೇಶಗಳು ತಮ್ಮ ಸೈನಿಕರನ್ನು ನೆನಪಿಡುವ ಅಥವಾ ಮರೆಯುವ ರೀತಿಯನ್ನು ಅರ್ಥ ಮಾಡಿಕೊಳ್ಳಲು ಈ ಪ್ರಶ್ನೆ ಒಳ್ಳೆಯ ದಾರಿ. ನಾವು ಸಾಮಾನ್ಯವಾಗಿ ಮರೆವು ಅಂದರೆ ಜನರ ಕಲ್ಲು ಮನಸ್ಸು ಅಂದುಕೊಳ್ಳುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ನೆನಪಿಡುವ ಕೆಲಸ ಯಾರದು, ಅದರ ಖರ್ಚು ಯಾರದು, ಸತ್ತವನನ್ನು ಯಾವ ಪಟ್ಟಿಗೆ ಸೇರಿಸಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹಳೆಯ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ವೀರಗಲ್ಲನ್ನು ಸುಮ್ನೆ ನಿಲ್ಲಿಸಿ ಹೋಗುತ್ತಿರಲಿಲ್ಲ. ಎಷ್ಟೋ ಸಲ ಅದರ ಜೊತೆ ಭೂಮಿಯನ್ನೂ ಕೊಡುತ್ತಿದ್ದರು. ಶಾಸನಗಳಲ್ಲಿ ಬಾಳ್ಗಚ್ಚು, ಕಲ್ನಾಡು, ನೆತ್ತರುಗೊಡಗೆ ಅಂತ ಬರುವುದು ಇಂಥ ದತ್ತಿಗಳೇ. ದನಗಳ್ಳರನ್ನು ತಡೆಯಲು ಹೋಗಿ ಸತ್ತವನ ಮನೆಯವರು ಆ ಹೊಲದಲ್ಲಿ ಉಣ್ಣಬೇಕು, ಕಲ್ಲಿಗೆ ಪೂಜೆ ನಡೆಯಬೇಕು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇದಕ್ಕೆ ದೊಡ್ಡ ಸಾಕ್ಷಿ. ಕ್ರಿ.ಶ. 949ರ ಸುಮಾರಿನದು. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಮಣಲೇರ ಎಂಬ ವೀರ ನಿಲ್ಲಿಸಿದ ಕಲ್ಲು ಅದು. ಅದಕ್ಕೂ ಭೂಮಿ ಬಿಟ್ಟಿದ್ದಾರೆ. ಅಷ್ಟೇ ಅಲ್ಲ, ಅಲ್ಲಿನ ಗುಡಿ ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಗಲುತ್ತದೆ ಅಂತಲೂ ಬರೆಸಿದ್ದಾರೆ. ಯಾರು ನೆನಪಿಡಬೇಕು, ಎಷ್ಟು ಸಲ, ತಪ್ಪಿದರೆ ಏನು, ಖರ್ಚಿಗೆ ಎಲ್ಲಿಂದ ಅನ್ನುವುದೆಲ್ಲ ಒಂದೇ ಕಲ್ಲಿನಲ್ಲಿ ಇತ್ಯರ್ಥವಾಗಿದೆ. ಆಮೇಲೆ ರಾಜ ಹೋದ, ದತ್ತಿ ಹೋಯಿತು, ಹೊಲ ಕೈ ಬದಲಾಯಿತು. ನಮ್ಮ ಭಾಗದ ಊರಗಲ್ಲುಗಳ ಕಥೆಯೂ ಹೆಚ್ಚುಕಡಿಮೆ ಇದೇ ಇರಬೇಕು. ಕಲ್ಲು ಮಾತ್ರ ಉಳಿಯಿತು.

ಇನ್ನೊಂದು ವಿಷಯ. ವೀರಗಲ್ಲು ಊರಿನ ಲೆಕ್ಕ. ಊರಿಗಾಗಿ ಸತ್ತವನನ್ನು ಊರು ಬಲ್ಲದು. ಸಾಮ್ರಾಜ್ಯದ ದೊಡ್ಡ ಯುದ್ಧ ಬಂದಾಗ ಲೆಕ್ಕ ಬದಲಾಗುತ್ತದೆ. 1520ರ ರಾಯಚೂರು ಯುದ್ಧವನ್ನೇ ನೋಡಿ. ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಕೃಷ್ಣಾ ನದಿ ಹತ್ತಿರ ಕಾಳಗವಾಯಿತು, ರಾಯಚೂರು ಕೋಟೆ ವಿಜಯನಗರದ ಕೈಗೆ ಬಂತು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಈ ಯುದ್ಧವನ್ನು ವಿವರವಾಗಿ ಬರೆದಿದ್ದಾನೆ. ರಾಯನ ಕಡೆಯೇ ಹದಿನಾರು ಸಾವಿರಕ್ಕೂ ಜಾಸ್ತಿ ಜನ ಸತ್ತರು, ಸಿಕ್ಕ ಹೆಣಗಳನ್ನೆಲ್ಲ ಸುಡಿಸಿದರು ಅನ್ನುತ್ತಾನೆ. ಅವನ ಅಂಕಿಗಳು ಸ್ವಲ್ಪ ಉಬ್ಬಿದವು ಅಂತಲೇ ಇಟ್ಟುಕೊಳ್ಳೋಣ. ಅರ್ಧ ಅಂದರೂ ಎಷ್ಟಾಯಿತು! ರಾಯನ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ಆ ಸಾವಿರಾರು ಜನರಲ್ಲಿ ಒಬ್ಬ ಸಾಮಾನ್ಯ ಕಾಲಾಳಿನ ಹೆಸರು ಹೇಳಿ ನೋಡೋಣ.

ಸೋತವರದು ಇನ್ನೂ ಕಷ್ಟ. ಆದರೆ ಅಲ್ಲೂ ಒಂದು ವಿಚಿತ್ರ ಇದೆ. ಗಂಗಾವತಿ ಹತ್ತಿರದ ಕುಮ್ಮಟದುರ್ಗದ ಕುಮಾರರಾಮ ದೆಹಲಿ ಸುಲ್ತಾನರ ಸೈನ್ಯಕ್ಕೆ ಸೋತು ಸತ್ತವನು. ಕಂಪಿಲಿ ರಾಜ್ಯ 1327ರ ಸುಮಾರಿಗೆ ಮುಗಿದೇ ಹೋಯಿತು. ಅವನಿಗೆ ದತ್ತಿ ಬಿಡಲು ರಾಜ್ಯವೇ ಉಳಿಯಲಿಲ್ಲ. ಆದರೂ ಅವನ ಕಥೆಯನ್ನು ಜನ ಏಳು ನೂರು ವರ್ಷ ಹಾಡಿಕೊಂಡು ಬಂದಿದ್ದಾರೆ. ಇದಕ್ಕಿಂತ ದೊಡ್ಡ ಉದಾಹರಣೆ ಮೊಹರಂ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಮತ್ತು ಅವರ ಜೊತೆಗಿದ್ದ ಸಣ್ಣ ಗುಂಪು ಮಡಿದದ್ದು. ಎಲ್ಲಿಯ ಕರ್ಬಲಾ, ಎಲ್ಲಿಯ ಮುದಗಲ್ಲು! ಆದರೂ ಪ್ರತಿ ವರ್ಷ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ಪೀರಲ ದೇವರು ಕೂರಿಸುತ್ತಾರೆ, ರಿವಾಯತ್ ಎಂಬ ಶೋಕದ ಪದ ಹಾಡುತ್ತಾರೆ, ಹೆಜ್ಜೆ ಹಾಕುತ್ತಾರೆ. ಮುಸ್ಲಿಮರೇ ಇಲ್ಲದ ಊರಲ್ಲೂ ಅಲಾಯಿ ನಡೆಯುತ್ತದೆ. ಆ ಪದಗಳಲ್ಲಿ ಹಸೇನ, ಹುಸೇನ, ಕಾಸೀಮರ ಹೆಸರು ಹೇಳಿ ಹೇಳಿ ಕಣ್ಣೀರು ಹಾಕುವ ಅಜ್ಜಿಯರಿದ್ದಾರೆ. ಕುಣಿ ತೋಡುವುದು ಒಂದು ಮನೆತನದ ಕೆಲಸ, ಕಟ್ಟಿಗೆ ತರುವುದು ಇನ್ನೊಬ್ಬರದು, ದೇವರು ಹೊರುವುದು ಮತ್ತೊಬ್ಬರದು. ಕಲ್ಲಿಲ್ಲ, ಶಾಸನವಿಲ್ಲ. ಕೆಲಸ ಹಂಚಿಕೊಂಡಿದ್ದಾರೆ, ಅಷ್ಟೇ. ಅದಕ್ಕೇ ಉಳಿದಿದೆ.

ಈಗ ಬ್ರಿಟಿಷರ ಕಾಲಕ್ಕೆ ಬರೋಣ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಜಾಸ್ತಿ ಜನ ಹೊರದೇಶಗಳಿಗೆ ಹೋದರು. ಸುಮಾರು 74 ಸಾವಿರ ಜನ ಸತ್ತರು. ಯುದ್ಧ ಮುಗಿದ ಮೇಲೆ ಭಾರತದ ಎಷ್ಟೋ ಹಳ್ಳಿಗಳಲ್ಲಿ ಸರ್ಕಾರ ಒಂದು ಸಣ್ಣ ಕಲ್ಲು ಹಾಕಿಸಿತು. ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಅಂತ ಅದರ ಮೇಲೆ ಇಂಗ್ಲಿಷಿನಲ್ಲಿ ಇರುತ್ತದೆ. ಅಂಕಿ ಇದೆ, ಹೆಸರಿಲ್ಲ. ಒಂಬೈನೂರು ವರ್ಷಗಳ ಹಿಂದೆ ಊರಗೌಡ ನಿಲ್ಲಿಸಿದ ಕಲ್ಲಿನಲ್ಲಿ ಆಳಿನ ಮುಖವಾದರೂ ಇತ್ತು, ಅಲ್ವಾ?

ಇದು ಹಳ್ಳಿಗಲ್ಲಿಗೆ ಮಾತ್ರ ಸೀಮಿತವಾಗಿರಲಿಲ್ಲ. 1917ರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಒಂದು ಯುದ್ಧ ಸಮಾಧಿ ಆಯೋಗ ಮಾಡಿಕೊಂಡಿತು. ಈಗ ಅದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಅದರ ನಿಯಮ ಆ ಕಾಲಕ್ಕೆ ಬಹಳ ದೊಡ್ಡದು. ಜನರಲ್ ಆಗಲಿ ಸಿಪಾಯಿ ಆಗಲಿ ಒಂದೇ ಅಳತೆಯ ಕಲ್ಲು, ಪ್ರತಿಯೊಬ್ಬನಿಗೂ ಹೆಸರು, ದರ್ಜೆ-ಜನಾಂಗ-ಧರ್ಮದ ಭೇದವಿಲ್ಲ. ಯುರೋಪಿನಲ್ಲಿ ಹೆಚ್ಚುಕಡಿಮೆ ಹಾಗೇ ನಡೆಯಿತು. ಫ್ರಾನ್ಸಿನ ನವ್ ಶಪೆಲ್ ಸ್ಮಾರಕದಲ್ಲಿ ನಮ್ಮ ಸಿಪಾಯಿಗಳ ಹೆಸರುಗಳೇ ಇವೆ. ಆದರೆ ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರು, ಸಾವಿರಾರು ಭಾರತೀಯ ಸಿಪಾಯಿಗಳನ್ನು ಮಾತ್ರ ರೆಜಿಮೆಂಟಿನ ಕೆಳಗೆ ಇಷ್ಟು ಜನ ಅಂತ ಅಂಕಿ ಹಾಕಿ ಮುಗಿಸಿದರು.

2021ರಲ್ಲಿ ಆಯೋಗವೇ ನೇಮಿಸಿದ ಸಮಿತಿ ಇದನ್ನೆಲ್ಲ ಬಿಚ್ಚಿಟ್ಟಿತು. ಭಾರತ, ಆಫ್ರಿಕಾ, ಈಜಿಪ್ಟಿನ 45 ಸಾವಿರದಿಂದ 54 ಸಾವಿರ ಜನರಿಗೆ ಸಮಾನ ಗೌರವ ಸಿಕ್ಕಿಲ್ಲ. ಇನ್ನೂ ಕನಿಷ್ಠ 1,16,000 ಜನ, ಬಹುಶಃ 3,50,000ದ ತನಕ, ಹೆಸರಿಲ್ಲದೆ ಅಥವಾ ನೆನಪೇ ಇಲ್ಲದೆ ಹೋಗಿದ್ದಾರೆ. ಇವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ಆಯೋಗ ಕ್ಷಮೆ ಕೇಳಿತು. ಇಂಥ ದೇಶಗಳ ಜನರಿಗೆ ಹೆಸರು ಕೆತ್ತಿದ ಕಲ್ಲಿನ ಬೆಲೆ ಗೊತ್ತಾಗುವುದಿಲ್ಲ ಅನ್ನುವ ಧೋರಣೆ ಆಗಿನ ಅಧಿಕಾರಿಗಳಲ್ಲಿ ಇತ್ತು. ನಮ್ಮ ಗುಡಿಗೋಡೆಗಳನ್ನು ಅವರು ಒಂದು ಸಲ ಬಂದು ನೋಡಬೇಕಿತ್ತು.

ದೆಹಲಿಯ ಇಂಡಿಯಾ ಗೇಟ್ ಕೂಡ ಇದೇ ಕಾಲದ್ದು. 1921ರಲ್ಲಿ ಅಡಿಗಲ್ಲು, 1931ರಲ್ಲಿ ಉದ್ಘಾಟನೆ. ಅದರ ಮೇಲೆ 13 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಹೆಚ್ಚಿನವು ವಾಯವ್ಯ ಗಡಿಯಲ್ಲಿ ಮತ್ತು 1919ರ ಅಫ್ಘನ್ ಯುದ್ಧದಲ್ಲಿ ಸತ್ತವರವು. ಮೊದಲ ಮಹಾಯುದ್ಧದ ಎಲ್ಲ ಭಾರತೀಯರ ಹೆಸರೂ ಅಲ್ಲಿದೆ ಅಂತ ತುಂಬ ಜನ ನಂಬಿದ್ದಾರೆ. ಇಲ್ಲ.

ನಮ್ಮ ಮೂರು ಜಿಲ್ಲೆಗಳಿಗೆ ಇನ್ನೂ ಒಂದು ತೊಡಕಿದೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮನ ಹೈದರಾಬಾದಿನಲ್ಲಿದ್ದವು. ಕನ್ನಡಿಗ ಸೈನಿಕ ಅಂದರೆ ನಮಗೆ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯವರು ನೆನಪಾಗುತ್ತಾರೆ, ಈಗಿನ ಇಸ್ರೇಲಿನಲ್ಲಿರುವ ಹೈಫಾದ 1918ರ ಕಾಳಗ ನೆನಪಾಗುತ್ತದೆ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು, ಒಬ್ಬ ಜೋಧಪುರದವನು. ಮೂರನೆಯವನು ಹೈದರಾಬಾದಿನವನು! ಅಂದರೆ ಆ ಕಾಲದ ಲೆಕ್ಕದಲ್ಲಿ ರಾಯಚೂರು, ಕೊಪ್ಪಳದವರ ಪಾಲಿನ ಮೂರ್ತಿ ಅದೇ. ಹೈದರಾಬಾದ್ ರಾಜ್ಯ ಒಡೆದು ಮೂರು ಕಡೆ ಹಂಚಿಹೋಯಿತು, ಆ ನೆನಪನ್ನು ನಮ್ಮದು ಅಂತ ಹೇಳಿಕೊಳ್ಳುವವರೇ ಇಲ್ಲ.

ಯಾವ ಸರ್ಕಾರ ಬಂದರೂ ತನ್ನ ಕಡೆಯವರನ್ನು ನೆನಪಿಡುತ್ತದೆ. 1858ರಲ್ಲಿ ಕೊಪ್ಪಳ ಕೋಟೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಸತ್ತ ಮುಂಡರಗಿ ಭೀಮರಾಯ ಆಗಿನ ಕಾಗದದಲ್ಲಿ ದಂಗೆಕೋರ, ಇವತ್ತು ಸ್ವಾತಂತ್ರ್ಯ ಹೋರಾಟಗಾರ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಸೇರಿಸಿಕೊಂಡದ್ದು ಸೈನ್ಯದ ಕಾರ್ಯಾಚರಣೆಯೇ ಆದರೂ ಅದಕ್ಕೆ ಪೊಲೀಸ್ ಕಾರ್ಯಾಚರಣೆ ಅನ್ನುವ ಹೆಸರು ಬಿತ್ತು. ಸೆಪ್ಟೆಂಬರ್ 17ಕ್ಕೆ ನಾವು ಧ್ವಜ ಹಾರಿಸುತ್ತೇವೆ, ಪಟೇಲರನ್ನು ನೆನೆಯುತ್ತೇವೆ, ಹೋರಾಟಗಾರರನ್ನು ನೆನೆಯುತ್ತೇವೆ. ಆ ಐದು ದಿನಗಳಲ್ಲಿ ಸತ್ತ ಸಿಪಾಯಿಗಳ ಮಾತು, ಈ ಕಡೆಯವರಾಗಲಿ ಆ ಕಡೆಯವರಾಗಲಿ, ಭಾಷಣಗಳಲ್ಲಿ ಬರುವುದು ಅಪರೂಪ.

ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ನಮಗೊಂದು ರಾಷ್ಟ್ರೀಯ ಯುದ್ಧ ಸ್ಮಾರಕ ಇರಲಿಲ್ಲ. ಬಾಂಗ್ಲಾ ಯುದ್ಧದ ನಂತರ, 1972ರ ಜನವರಿ 26ರಂದು, ಇಂಡಿಯಾ ಗೇಟಿನ ಕೆಳಗೆ ಅಮರ್ ಜವಾನ್ ಜ್ಯೋತಿ ಶುರುವಾಯಿತು. ಬ್ರಿಟಿಷರ ಕಮಾನಿನ ಕೆಳಗೆ ಭಾರತದ ಜ್ಯೋತಿ! 2019ರ ಫೆಬ್ರವರಿ 25ರಂದು ಅಲ್ಲೇ ಪಕ್ಕದಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆಯಿತು. 1947ರಿಂದ ಇತ್ತೀಚಿನವರೆಗೆ ಸತ್ತ ಸುಮಾರು 26 ಸಾವಿರ ಜನರ ಹೆಸರನ್ನು ಗ್ರಾನೈಟ್ ಕಲ್ಲುಗಳ ಮೇಲೆ ಕೆತ್ತಿದ್ದಾರೆ. 2022ರ ಜನವರಿಯಲ್ಲಿ ಹಳೆಯ ಜ್ಯೋತಿಯನ್ನು ಹೊಸ ಜ್ಯೋತಿಯಲ್ಲಿ ಸೇರಿಸಿದರು. ಅದರ ಬಗ್ಗೆ ಜಗಳವೂ ಆಯಿತು. ನನ್ನ ಕೇಳಿದರೆ ಉರಿಯುವ ಜಾಗಕ್ಕಿಂತ ಹೆಸರುಗಳು ಒಂದು ಕಡೆ ಬಂದದ್ದೇ ದೊಡ್ಡದು. ನಮ್ಮ ಬೆಂಗಳೂರಿನ ಸೈನಿಕ ಸ್ಮಾರಕ ಉದ್ಯಾನದಲ್ಲಿ ನಿಲ್ಲಿಸಿರುವ 75 ಅಡಿಯ ಏಕಶಿಲೆಗೆ ವೀರಗಲ್ಲು ಅಂತಲೇ ಹೆಸರಿಟ್ಟಿದ್ದಾರೆ, ಅದೊಂದು ಸಂತೋಷ.

ಆದರೆ ಪಟ್ಟಿ ಅಂದ ಮೇಲೆ ಅದಕ್ಕೊಂದು ಗಡಿ ಇರುತ್ತದೆ. ದೆಹಲಿ ಸ್ಮಾರಕ ತೆರೆಯುವುದಕ್ಕೆ 11 ದಿನ ಮೊದಲು, ಫೆಬ್ರವರಿ 14ರಂದು, ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಜವಾನರು ಸತ್ತರು. ಅವರಲ್ಲಿ ಮಂಡ್ಯ ಜಿಲ್ಲೆಯ ಒಬ್ಬರೂ ಇದ್ದರು. ಇಡೀ ದೇಶ ಅತ್ತಿತು. ಆದರೂ ಅವರ ಹೆಸರು ಆ ಸ್ಮಾರಕದ ಗೋಡೆಗೆ ಬರುವುದಿಲ್ಲ. ಯಾಕೆ ಅಂದರೆ ಅದು ಭೂಸೇನೆ, ನೌಕಾಸೇನೆ, ವಾಯುಸೇನೆಯವರ ಸ್ಮಾರಕ, ರಕ್ಷಣಾ ಸಚಿವಾಲಯದ್ದು. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯದ ಕೆಳಗೆ ಬರುತ್ತವೆ. ಅವರಿಗೆ ಬೇರೆ ಸ್ಮಾರಕ ಇದೆ. 2018ರ ಅಕ್ಟೋಬರ್ 21ರಂದು ತೆರೆದ ರಾಷ್ಟ್ರೀಯ ಪೊಲೀಸ್ ಸ್ಮಾರಕ. ಅಲ್ಲಿ 34 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ, ಅಂದರೆ ಸೈನ್ಯದ ಪಟ್ಟಿಗಿಂತ ದೊಡ್ಡದು. ಅದರ ಹೆಸರು ಕೇಳಿದವರು ಎಷ್ಟು ಮಂದಿ?

ಗೋಡೆ ಹೋಗಲಿ, ಮನೆಯವರಿಗೆ ನಿಜವಾಗಿ ಮುಖ್ಯವಾಗುವುದು ಫೈಲು. ಊರ ತುಂಬ ಫ್ಲೆಕ್ಸ್‌ಗಳಲ್ಲಿ ಹುತಾತ್ಮ ಅಂತ ಹಾಕುತ್ತೇವೆ. ಸೈನ್ಯದ ಕಡತದಲ್ಲಿ ಅಂಥ ವರ್ಗವೇ ಇಲ್ಲ ಅಂತ ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಕಡತ ನೋಡುವುದು ಬೇರೆ. ಈ ಸಾವು ಕಾರ್ಯಾಚರಣೆಯಲ್ಲಿ ಆದದ್ದೋ, ಸೇವೆಯ ಕಾರಣದಿಂದ ಆದದ್ದೋ, ಸೇವೆಗೆ ಸಂಬಂಧವಿಲ್ಲದ ಕಾಯಿಲೆಯಿಂದಲೋ? ಕಾರ್ಯಾಚರಣೆಯಲ್ಲಿ ಸತ್ತರೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟೇ. ಸೇವೆಯ ಕಾರಣದಿಂದ ಆದರೆ ವಿಶೇಷ ಕುಟುಂಬ ಪಿಂಚಣಿ, ಆ ಸಂಬಳದ ಶೇ. 60. ಉಳಿದ ಸಾವುಗಳಿಗೆ ಸಾಮಾನ್ಯ ಕುಟುಂಬ ಪಿಂಚಣಿ, ಮೊದಲ ಕೆಲವು ವರ್ಷ ಹೆಚ್ಚಿಗೆ ಇದ್ದು ಆಮೇಲೆ ಶೇ. 30. ಅದೇ ಸಮವಸ್ತ್ರ, ಅದೇ ಪೋಸ್ಟ್. ಎದೆಗೆ ಗುಂಡು ಬಿದ್ದರೆ ಒಂದು ಲೆಕ್ಕ, ಎದೆನೋವು ಬಂದರೆ ಇನ್ನೊಂದು ಲೆಕ್ಕ ಆಗಬಹುದು. ಯಾವ ವರ್ಗ ಅನ್ನುವುದರ ಮೇಲೆ ಕೋರ್ಟು, ಸೈನ್ಯದ ನ್ಯಾಯಮಂಡಳಿ ಅಂತ ಅಲೆದ ವಿಧವೆಯರು ಬಹಳ ಜನ. ಪಹಣಿಯ ಕಾಲಂ ತಪ್ಪಾದ ರೈತ ತಾಲೂಕು ಕಚೇರಿಗೆ ಅಲೆದ ಹಾಗೇ.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು, ಫೆಬ್ರವರಿ 11ರಂದು ತೀರಿಕೊಂಡರು. ನಮ್ಮ ಕಡೆಯ ಗುಡಿ, ದರ್ಗಾಗಳಲ್ಲೆಲ್ಲ ಜನ ಹರಕೆ ಹೊತ್ತಿದ್ದು ನೆನಪಿರಬಹುದು. ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಸಿಯಾಚಿನ್‌ನಲ್ಲಿ ಗುಂಡಿಗಿಂತ ಚಳಿ, ಹಿಮಕುಸಿತಕ್ಕೇ ಜಾಸ್ತಿ ಜನ ಸತ್ತಿದ್ದಾರೆ. ಅದು ಕಾರ್ಯಾಚರಣೆಯ ಪ್ರದೇಶ ಅಂತ ಘೋಷಣೆಯಾದ ಕಾರಣ ಅಲ್ಲಿನ ಇಂಥ ಸಾವುಗಳು ಮೊದಲ ಲೆಕ್ಕಕ್ಕೆ ಸೇರುತ್ತವೆ. ಒಂದು ಘೋಷಣೆ ಇಷ್ಟು ಕೆಲಸ ಮಾಡುತ್ತದೆ.

ಬೆಳಗಿನ ಐದಕ್ಕೆ ಬೈಪಾಸ್ ರಸ್ತೆಯಲ್ಲಿ ಓಡುವ ನಮ್ಮ ಹುಡುಗರಿಗೆ ಸಂಬಂಧಿಸಿದ ಹೊಸ ಲೆಕ್ಕವೂ ಇದೆ. 2022ರಿಂದ ಜವಾನರ ಭರ್ತಿ ಅಗ್ನಿಪಥದಲ್ಲಿ, ನಾಲ್ಕು ವರ್ಷಕ್ಕೆ. ಅಗ್ನಿವೀರ ಕಾರ್ಯಾಚರಣೆಯಲ್ಲಿ ಸತ್ತರೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ, ಸೇವಾನಿಧಿ ಎಂಬ ಇಡುಗಂಟು ಬರುತ್ತದೆ. ಯೋಜನೆಯ ಪ್ರಕಾರ ಕುಟುಂಬ ಪಿಂಚಣಿ ಇಲ್ಲ. ಮೊತ್ತ ದೊಡ್ಡದೇ. ಆದರೆ ಒಂದೇ ಸಲ ಬಂದ ದುಡ್ಡು ಮತ್ತು ತಿಂಗಳು ತಿಂಗಳು ಬರುವ ದುಡ್ಡಿನ ನಡುವೆ ಎಷ್ಟು ಅಂತರ ಅಂತ ಹತ್ತಿ ಬೆಳೆಯುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಊರೂರಲ್ಲಿ ಕಾರ್ಗಿಲ್ ಹೆಸರಿನ ಸರ್ಕಲ್ ಇದೆ. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧದ ಹೆಸರಿನವು ಕಾಣುವುದಿಲ್ಲ. ಕಾರ್ಗಿಲ್‌ನಲ್ಲಿ ಸತ್ತವರು 527 ಜನ. 1962ರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಟಿವಿ ಬಂದಿತ್ತು, ಗೆದ್ದೆವು ಅನ್ನುವುದೆಲ್ಲ ಸರಿ. ಅದಕ್ಕಿಂತ ದೊಡ್ಡ ಕಾರಣ ಶವಪೆಟ್ಟಿಗೆ. ಮೊದಲಿನ ಯುದ್ಧಗಳಲ್ಲಿ ಸತ್ತವರನ್ನು ಸಾಮಾನ್ಯವಾಗಿ ರಣರಂಗದ ಹತ್ತಿರವೇ ಸುಡುತ್ತಿದ್ದರು ಅಥವಾ ಹೂಳುತ್ತಿದ್ದರು. ಮನೆಗೆ ತಂತಿ ಬರುತ್ತಿತ್ತು, ಟ್ರಂಕ್ ಬರುತ್ತಿತ್ತು. 1999ರಲ್ಲಿ ಶವಗಳನ್ನು ಊರಿಗೇ ಕಳಿಸಿದರು. ತ್ರಿವರ್ಣ ಹೊದಿಸಿದ ಪೆಟ್ಟಿಗೆ, ಶಾಲೆ ಮೈದಾನ, ಕುಶಾಲು ತೋಪು, ಸುತ್ತ ಹತ್ತು ಹಳ್ಳಿಯ ಜನ. ಆವತ್ತು ಹೆಗಲು ಕೊಟ್ಟವನು ಸಾಯುವ ತನಕ ಮರೆಯುವುದಿಲ್ಲ. 1962ರಲ್ಲಿ ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು 13ನೇ ಕುಮಾವೂಂ ಬೆಟಾಲಿಯನ್ನಿನ ನೂರಕ್ಕೂ ಜಾಸ್ತಿ ಜನ ಕೊನೆಯ ಗುಂಡಿನ ತನಕ ಹೋರಾಡಿ ಸತ್ತರು. ಅವರ ಹೆಣಗಳು ಸಿಕ್ಕದ್ದೇ ಮುಂದಿನ ವರ್ಷದ ಫೆಬ್ರವರಿಯಲ್ಲಿ. ಆ ಯುದ್ಧದಲ್ಲಿ ಕಾಣೆಯಾದವರ ಪಟ್ಟಿಯೇ ಬೇರೆ. ಕಾಣೆಯಾದವನಿಗೆ ಊರು ತಿಥಿ ಮಾಡಲೂ ಹಿಂಜರಿಯುತ್ತದೆ.

ದೇಶಕ್ಕೆ ಮುಜುಗರ ತಂದ ಯುದ್ಧಗಳೂ ಹಿಂದೆ ಸರಿಯುತ್ತವೆ. 1987ರಿಂದ 1990ರ ತನಕ ಶ್ರೀಲಂಕಾಕ್ಕೆ ಹೋದ ಶಾಂತಿಪಡೆಯ ಸುಮಾರು 1,200 ಜನ ಸತ್ತರು. ಅವರ ಹೆಸರು ಕೆತ್ತಿದ ಸ್ಮಾರಕ ಕೊಲಂಬೊ ಹತ್ತಿರವೂ ಇದೆ. ಇಲ್ಲಿ ಯಾವ ಸರ್ಕಲ್ಲಿಗೂ ಅವರ ಹೆಸರಿಟ್ಟದ್ದು ನಾನು ನೋಡಿಲ್ಲ.

2023ರ ಆಗಸ್ಟ್‌ನಲ್ಲಿ ನನ್ನ ಮಣ್ಣು ನನ್ನ ದೇಶ ಅಭಿಯಾನದಲ್ಲಿ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಶಿಲಾಫಲಕ ಹಾಕಲು ಹೇಳಿದರು. ಆ ಊರಿನ ಸೈನಿಕರು, ಅರೆಸೈನಿಕರು, ಪೊಲೀಸರು, ಸ್ವಾತಂತ್ರ್ಯ ಹೋರಾಟಗಾರರ ಹೆಸರು ಅದರಲ್ಲಿರಬೇಕು. ಎರಡು ಸಚಿವಾಲಯದವರು ಒಂದೇ ಕಲ್ಲಿನಲ್ಲಿ! ಯೋಚನೆ ಬಹಳ ಒಳ್ಳೆಯದು, ವೀರಗಲ್ಲಿಗೆ ಹತ್ತಿರದ್ದು. ಆದರೆ ಕೆಲವೇ ದಿನಗಳಲ್ಲಿ ಮುಗಿಸಬೇಕಾದ ಕೆಲಸ ಆದ್ದರಿಂದ ಹೆಸರು ಹುಡುಕಲು ಪುರುಸೊತ್ತು ಎಲ್ಲಿತ್ತು? ಹಾಕಿದ ಮೇಲೆ ಅದನ್ನು ಒರೆಸುವವರು, ಬಿಟ್ಟುಹೋದ ಹೆಸರು ಸೇರಿಸುವವರು ಯಾರು ಅಂತ ಪಂಚಾಯ್ತಿಯಲ್ಲಿ ಕೇಳಿ ನೋಡಿ. ಆತಕೂರಿನವರು ಗೊರವನಿಗೆ ಊಟದ ಷರತ್ತು ಹಾಕಿದ್ದು ಸುಮ್ನೆ ಅಲ್ಲ.

ನಿಮ್ಮ ಮನೆತನದಲ್ಲಿ ಯಾರೋ ಮಿಲಿಟರಿಗೆ ಹೋಗಿ ಬರಲೇ ಇಲ್ಲ ಅಂತ ಅಜ್ಜಿ ಹೇಳುತ್ತಿದ್ದರೆ ಹುಡುಕುವ ದಾರಿ ಇದೆ. ಎರಡು ಮಹಾಯುದ್ಧಗಳ ಕಾಲದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ 17 ಲಕ್ಷ ಜನರ ದಾಖಲೆ ಇದೆ, ಹುಡುಕಲು ದುಡ್ಡು ಬೇಡ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತದೆ. ಬಳ್ಳಾರಿಯವರನ್ನು ಮದ್ರಾಸಿನ ಪಡೆಗಳಲ್ಲಿ, ರಾಯಚೂರು-ಕೊಪ್ಪಳದವರನ್ನು ಹೈದರಾಬಾದಿನ ಪಡೆಗಳಲ್ಲೂ ನೋಡಿ. ಊರ ಹೆಸರನ್ನು ಇಂಗ್ಲಿಷರು ಬರೆಯುತ್ತಿದ್ದ ಹಳೇ ರೀತಿಯಲ್ಲಿ ಹಾಕಿ. 1947ರ ನಂತರದವರಾದರೆ ರಾಷ್ಟ್ರೀಯ ಯುದ್ಧ ಸ್ಮಾರಕದ ಜಾಲತಾಣದಲ್ಲಿ ಹೆಸರು ಹುಡುಕಬಹುದು, ಪಿಂಚಣಿ ವಿಷಯಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಹೆಸರೇ ಸಿಗದಿದ್ದರೆ ಟ್ರಂಕಿನಲ್ಲಿರುವ ಪದಕ ತೆಗೆದು ಅದರ ಅಂಚು ನೋಡಿ. ಬ್ರಿಟಿಷ್ ಕಾಲದ ಬಹಳಷ್ಟು ಪದಕಗಳ ಅಂಚಿನಲ್ಲಿ ನಂಬರ್, ಹೆಸರು, ರೆಜಿಮೆಂಟ್ ಕೊರೆದಿರುತ್ತದೆ. ಅಷ್ಟು ಸಿಕ್ಕರೆ, ಪಟ್ಟಿಯಲ್ಲಿ ಬಿಟ್ಟುಹೋದ ಹೆಸರನ್ನು ಸೇರಿಸಿ ಅಂತ ದಾಖಲೆ ಸಮೇತ ಆಯೋಗಕ್ಕೆ ಬರೆಯಬಹುದು.